ಕಿರೀಟವಿಲ್ಲದ ಹುಲಿ

2024 ಫೆಬ್ರುವರಿ 3, ಲೆಸ್ಟರ್

ಹಳೆ ಸಾಮಾನಿನ ಸಂತೆಯಲ್ಲಿ ಪೋಸ್ಟ್‌ಕಾರ್ಡ್ ಗಾತ್ರದ ಫೋಟೊ ಸಿಕ್ಕಿತು. ಸ್ಟುಡಿಯೊದ ಪರದೆಯ ಮುಂದೆ ಖಾಕಿ ತೊಟ್ಟ ಹುಡುಗ. ಮೀಸೆ ಇನ್ನೂ ಚಿಗುರುತ್ತಿದೆ. ಹೆಸರಿಲ್ಲ, ತಾರೀಖಿಲ್ಲ. ಹಿಂಬದಿ ಬರಹಕ್ಕೊಂದು, ವಿಳಾಸಕ್ಕೊಂದು ಎಂದು ಪಾಲಾಗಿರುವುದರಿಂದ 1902ರ ಈಚಿನದು. ಭೂತಗನ್ನಡಿ ಹಿಡಿದರೆ ಟೋಪಿಯ ಮೇಲೆ ಹುಲಿ: ಲೆಸ್ಟರ್‌ಶೈರ್ ರೆಜಿಮೆಂಟ್, ಈ ಊರಿನದೇ ಪಡೆ. 1804ರಿಂದ 1823ರವರೆಗೆ ನಮ್ಮ ನೆಲದಲ್ಲಿ ಸೇವೆ ಮಾಡಿದ್ದಕ್ಕೆ 1825ರಲ್ಲಿ ದಕ್ಕಿದ ಲಾಂಛನ, ಮೇಲೆ ‘ಹಿಂದೂಸ್ತಾನ್’ ಎಂಬ ಪಟ್ಟಿ. ನಮ್ಮವರನ್ನು ಬಗ್ಗುಬಡಿದು ನಮ್ಮ ಹುಲಿಯನ್ನೇ ತಲೆ ಮೇಲೆ ಹೊತ್ತು ಮೆರೆದರಲ್ಲ!

ಫೆಬ್ರುವರಿ 5

ಬ್ಯಾಡ್ಜಿನ ಕಾಲ ಹೇಳಲು ಎಲ್ಲರೂ ಮೊದಲು ನೋಡುವುದು ಕಿರೀಟವನ್ನು. ಕಮಾನುಗಳ ನಡು ತಗ್ಗಿದ್ದರೆ ವಿಕ್ಟೋರಿಯಾ ಕಾಲದ್ದು. ಗುಮ್ಮಟದಂತೆ ಉಬ್ಬಿದ್ದರೆ 1901ರ ನಂತರದ ರಾಜರದ್ದು. ಎಲಿಜಬೆತ್ ಬಂದಮೇಲೆ ಮತ್ತೆ ತಗ್ಗು. ನನ್ನ ಹುಲಿಗೆ ಕಿರೀಟವೇ ಇಲ್ಲ. ಕೆಳಗಿನ ಪಟ್ಟಿಯಲ್ಲಿ ‘ರಾಯಲ್’ ಇಲ್ಲದ್ದರಿಂದ 1946ಕ್ಕೆ ಹಿಂದಿನದು ಎನ್ನಬಹುದು. ಅದು ತಿಳಿಯಲು ಬ್ಯಾಡ್ಜೇ ಬೇಕಿರಲಿಲ್ಲ.

ಫೆಬ್ರುವರಿ 9

ಲೋಹದ ಬೆನ್ನು ಹತ್ತಿದೆ. ಹುಲಿ ಹಿತ್ತಾಳೆಯ ಬಣ್ಣದ್ದು, ಪಟ್ಟಿಗಳು ಬಿಳಿ ಲೋಹದವು. 1916ರಲ್ಲಿ ನಿಕ್ಕಲ್ ಉಳಿಸಲು ಇಡೀ ಬ್ಯಾಡ್ಜನ್ನು ಒಂದೇ ಹಳದಿ ಲೋಹದಲ್ಲಿ ಅಚ್ಚು ಹಾಕಿದರು. ಆ ಕಾಲದ ಫಿಲ್ಮು ಹಳದಿಯನ್ನು ಕಪ್ಪಾಗಿ ಹಿಡಿಯುತ್ತಿದ್ದುದರಿಂದ ಎರಡು ಲೋಹದ ವ್ಯತ್ಯಾಸ ಫೋಟೊದಲ್ಲೂ ಕಾಣುತ್ತದೆ. ಇಲ್ಲಿ ಹುಲಿ ಮಬ್ಬು, ಪಟ್ಟಿಗಳು ಬೆಳ್ಳಗೆ. ಹಳೆಯ ಮಾದರಿ. ಆದರೆ ಹೊಸದು ಬಂತೆಂದು ಹಳೆಯದನ್ನು ಯಾರೂ ಬಿಸಾಡಲಿಲ್ಲ. ಬ್ಯಾಡ್ಜು ‘ಇದಕ್ಕಿಂತ ಮುಂಚೆ ಅಲ್ಲ’ ಎನ್ನಬಲ್ಲದು, ‘ಇದಾದ ಮೇಲೆ ಅಲ್ಲ’ ಎನ್ನಲು ಅದಕ್ಕೆ ಬಾಯಿಲ್ಲ. ಮಾರುವವರು ಇದನ್ನು ಬೇಕೆಂದೇ ಮರೆಯುತ್ತಾರೆ.

ಫೆಬ್ರುವರಿ 10

ಟೋಪಿ ಒಳಗೆ ತಂತಿಯಿಲ್ಲದೆ ಜೋತುಬಿದ್ದಿದೆ, ಕಿವಿ ಮುಚ್ಚುವ ಪಟ್ಟಿಗಳನ್ನು ನೆತ್ತಿಯ ಮೇಲೆ ಕಟ್ಟಿದೆ. 1914–15ರ ಚಳಿಗಾಲದಲ್ಲಿ ಬಂದ ‘ಗೋರ್ ಬ್ಲೈಮಿ’. ನೋಡಲು ಹಿಟ್ಟಿನ ಚೀಲ. ಕವಾಯತು ಮಾಡಿಸುವ ಸಾರ್ಜೆಂಟುಗಳಿಗೆ ಮೈ ಉರಿದಿದ್ದರೆ ಆಶ್ಚರ್ಯವಿಲ್ಲ.

ಆಮೇಲೆ ತೋಳು ನೋಡಿದೆ. ಎಡ ಮುಂಗೈ ಬಳಿ ನೆಟ್ಟಗಿರುವ ಪುಟ್ಟ ಸರಿಗೆ ಪಟ್ಟಿ, ಗಾಯಗೊಂಡವನ ಗುರುತು. ಅದು ಜಾರಿಗೆ ಬಂದದ್ದು 1916ರ ಬೇಸಗೆಯಲ್ಲಿ. ಬಲ ತೋಳು ಖಾಲಿ. ಸಾಗರದಾಚೆ ಸೇವೆ ಮಾಡಿದವರಿಗೆ 1918ರ ಆರಂಭದಿಂದ ಅಲ್ಲಿ ಸಣ್ಣ ‘ವಿ’ ಗೆರೆಗಳು ಸಿಗುತ್ತಿದ್ದವು. ಯುದ್ಧದಲ್ಲಿ ಗಾಯಗೊಂಡವನಿಗೆ ಅವು ಸಿಗಲೇಬೇಕಿತ್ತು. ಹೊಲಿಸಿಕೊಳ್ಳಲು ತಡಮಾಡಿದನೋ ಏನೋ, ಆದರೂ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ: 1916ರ ಬೇಸಗೆಯಿಂದ 1918ರ ಮೊದಲ ತಿಂಗಳುಗಳವರೆಗೆ. ಹುಲಿ ಪಡೆಯ ಹೆಸರು ಹೇಳಿತು, ಕಾಲ ಹೇಳಿದ್ದು ದರ್ಜಿಯ ಸೂಜಿ.

ನ್ಯೂವಾರ್ಕ್ ಹೌಸಸ್ ಮ್ಯೂಸಿಯಮ್ಮಿನಲ್ಲಿ ಈ ರೆಜಿಮೆಂಟಿನ ಸಂಗ್ರಹವಿದೆ. ಭುಜದ ಹಿತ್ತಾಳೆ ಅಕ್ಷರಗಳು ಸರಿಯಾಗಿ ಓದಲಾಗುತ್ತಿಲ್ಲ. ಅಲ್ಲಿ ಹೋಲಿಸಿ ನೋಡಬೇಕು.