ಕಿಲ್ಲಾರಿಯ ನೆಲ, ಕಿಲ್ಲಾರಿಯ ಮನ

ಬಸವಕಲ್ಯಾಣಕ್ಕೆ ಬರುವ ಯಾತ್ರಿಕರಲ್ಲಿ ಬಹುಮಂದಿ ಅಲ್ಲಿಂದಲೇ ಹಿಂದಿರುಗುತ್ತಾರೆ. ನಾವು ಮಾತ್ರ ಅಲ್ಲಿಂದ ಪಶ್ಚಿಮಕ್ಕೆ ಸೊಲ್ಲಾಪುರದ ಹೆದ್ದಾರಿ ಹಿಡಿದು, ಉಮರ್ಗಾದಲ್ಲಿ ಲಾತೂರಿನ ದಾರಿಗೆ ಹೊರಳಿದೆವು. ಎರಡೂ ಕಡೆ ಕಪ್ಪು ಎರೆಭೂಮಿ, ಜೋಳ, ತೊಗರಿ, ಕಬ್ಬು. ಗಡಿ ದಾಟಿದ್ದು ಅಂಗಡಿಗಳ ಫಲಕದ ಲಿಪಿ ಬದಲಾದುದರಿಂದಲೇ ತಿಳಿಯಬೇಕು; ನೆಲ ಒಂದೇ, ರೊಟ್ಟಿ ಒಂದೇ. ಇಲ್ಲಿನ ಲಿಂಗಾಯತ ಮನೆಗಳ ಮಾತು ಮರಾಠಿ. ಮನ್ಮಥ ಸ್ವಾಮಿಗಳ ಅಭಂಗಗಳು ಇವರ ನಿತ್ಯದ ಹಾಡು. ಕಾರ್ತಿಕ ಹುಣ್ಣಿಮೆಗೆ ಬೀಡ ಜಿಲ್ಲೆಯ ಕಪಿಲಧಾರ ಇವರ ಯಾತ್ರಾಸ್ಥಳ. ನೀಲಕಂಠೇಶ್ವರನ ಕಿಲ್ಲಾರಿ ಈ ಸೀಮೆಯ ಊರು. ಬೀಗತನ, ನೆಂಟಸ್ತಿಕೆಗಳಿಂದ ಕಲಬುರಗಿ, ಬೀದರಗಳಿಗೆ ಇದು ದೂರದ ಊರಲ್ಲ.

ನಾವು ಅಲ್ಲಿಗೆ ಹೋದದ್ದು ದೇವರ ದರ್ಶನಕ್ಕಷ್ಟೇ ಅಲ್ಲ. ದೊಡ್ಡ ದುರಂತವೊಂದರ ತರುವಾಯ ಮನುಷ್ಯನ ಮನಸ್ಸು ಹೇಗೆ ಚೇತರಿಸಿಕೊಳ್ಳುತ್ತದೆ, ನೆರೆಹೊರೆಯವರು ಅದಕ್ಕೆ ಹೇಗೆ ಆಸರೆಯಾಗಬಹುದು ಎಂಬುದನ್ನು ಕಂಡು ಕೇಳಿ ತಿಳಿಯುವುದು ನಮ್ಮ ಉದ್ದೇಶವಾಗಿತ್ತು.

ಆ ಬೆಳಗಿನ ಜಾವ

1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ಗಣಪತಿಯನ್ನು ಕಳುಹಿಸಿ, ತಡರಾತ್ರಿ ಮನೆಗೆ ಬಂದು ಜನ ಮಲಗಿದ್ದರು. 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನು ಕೆಲವೇ ನಿಮಿಷಗಳಿರುವಾಗ ಭೂಮಿ ನಡುಗಿತು. ಕಂಪನದ ಪ್ರಮಾಣ 6.2. ಲಾತೂರು ಮತ್ತು ಅಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಗಳಲ್ಲಿ ಸುಮಾರು 8,000 ಜನ ಮೃತರಾದರು. ಸುಮಾರು 16,000 ಜನ ಗಾಯಗೊಂಡರು. 52 ಹಳ್ಳಿಗಳು ನೆಲಸಮವಾದವು. ಕಿಲ್ಲಾರಿ, ಸಾಸ್ತೂರು, ಮಂಗರೂಳ, ತಳಣಿ ಮೊದಲಾದ ಹೆಸರುಗಳು ಅಂದು ಆಕಾಶವಾಣಿಯಲ್ಲಿ ಒಂದರ ಹಿಂದೆ ಒಂದು ಕೇಳಿಬಂದವು. ನಡುಕ ಕರ್ನಾಟಕದ ಗಡಿ ಜಿಲ್ಲೆಗಳನ್ನೂ ಮುಟ್ಟಿತ್ತು.

ದಖ್ಖನ್ನಿನ ಗಟ್ಟಿ ಕಲ್ಲಿನ ನೆಲ ಕಂಪಿಸದು ಎಂಬುದು ಆಗಿನ ನಂಬಿಕೆ. ಈ ಪ್ರದೇಶವನ್ನು ಅತಿ ಸುರಕ್ಷಿತವೆಂದು ಒಂದನೆಯ ವಲಯದಲ್ಲಿ ಸೇರಿಸಿದ್ದರು. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಲಾಯಿತು. 1992ರ ಅಕ್ಟೋಬರಿನಲ್ಲಿ ಕಿಲ್ಲಾರಿಯಲ್ಲಿ ಸಣ್ಣ ನಡುಕಗಳು ಆಗಿದ್ದವು. ಜನ ಮೊದಲು ಅಂಜಿದರು, ಆಮೇಲೆ ಒಗ್ಗಿಕೊಂಡರು.

ಕೊಂದದ್ದು ಭೂಮಿಗಿಂತ ಹೆಚ್ಚಾಗಿ ಮನೆಗಳೇ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಬಿಸಿಲು ತಡೆಯಲು ಹಾಕಿದ ಗೇಣುಗಟ್ಟಲೆ ಮಣ್ಣು. ತಲೆಮಾರುಗಳಿಂದ ಕಾಯ್ದ ಮನೆಯೇ ಮೈಮೇಲೆ ಬಿದ್ದಿತ್ತು. ಅಲ್ಲಿನ ಜನರಲ್ಲಿ ಉಳಿದ ಭಯ ಎಂಥದೆಂಬುದನ್ನು ಅರಿಯಲು ಇದೊಂದನ್ನು ನೆನೆದರೆ ಸಾಕು. ನೆಂಟರಿಲ್ಲದ ಊರಿನಲ್ಲಿ ಅಂಜುವುದು ಬೇರೆ. ಸ್ವಂತ ಮನೆಯ ಮಾಳಿಗೆಗೆ ಅಂಜುವುದು ಬೇರೆ.

ಕ್ರಿಯೆಯಿಲ್ಲದ ವಿದಾಯ

ಆ ದಿನಗಳಲ್ಲಿ ಮಳೆಯೂ ಸುರಿಯಿತು. ಶವಗಳು ಸಾಲುಸಾಲಾಗಿ ಬಂದವು. ಸೌದೆ ತರಿಸಿ ಸಾಮೂಹಿಕವಾಗಿ ದಹಿಸಲಾಯಿತು. ಮೃತರನ್ನು ಕ್ರಿಯಾಸಮಾಧಿ ಮಾಡಿ ಮಣ್ಣಿಗೆ ಒಪ್ಪಿಸುವ ಸಂಪ್ರದಾಯದ ಮನೆತನಗಳಿಗೂ ಅಂಥ ಗಳಿಗೆಯಲ್ಲಿ ಆಯ್ದುಕೊಳ್ಳುವ ಅವಕಾಶ ಎಲ್ಲಿಯದು? ಎಷ್ಟೋ ಜನ ಗಾಯಗೊಂಡು ಆಸ್ಪತ್ರೆಯಲ್ಲಿದ್ದಾಗಲೇ ಅವರ ಮನೆಯವರ ಅಂತ್ಯಕ್ರಿಯೆ ಮುಗಿದಿತ್ತು.

ಶವಗಳಿಂದ ಸಾಂಕ್ರಾಮಿಕ ರೋಗ ಹಬ್ಬುತ್ತದೆಂಬ ಭಯವೇ ಇಂಥ ಅವಸರಕ್ಕೆ ಸಾಮಾನ್ಯವಾಗಿ ಕಾರಣ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಮುಂದೆ ಸ್ಪಷ್ಟವಾಗಿ ತಿಳಿಸಿದ ಮಾತು ಬೇರೆಯೇ ಇದೆ. ಪ್ರಕೃತಿ ವಿಕೋಪದಲ್ಲಿ ಪೆಟ್ಟುಬಿದ್ದು ಸತ್ತವರ ದೇಹಗಳಿಂದ ಸಾಮಾನ್ಯವಾಗಿ ಸಾಂಕ್ರಾಮಿಕ ಹಬ್ಬುವುದಿಲ್ಲ. ಗುರುತು ಹಚ್ಚದೆ ಒಟ್ಟಿಗೆ ದಹಿಸುವುದು, ಹೂಳುವುದು ಸಲ್ಲದು. ಕುಟುಂಬಕ್ಕೆ ಮುಖ ನೋಡಲು, ತಮ್ಮ ಪದ್ಧತಿಯಂತೆ ಕ್ರಿಯೆ ಮಾಡಲು ಅವಕಾಶ ಕೊಡಬೇಕು. ಮಾನಸಿಕ ಶುಶ್ರೂಷೆಯ ಮೊದಲ ಮೆಟ್ಟಿಲು ಔಷಧಿಯಲ್ಲ, ವಿದಾಯ ಹೇಳುವ ಅವಕಾಶ. ಕೊನೆಯದಾಗಿ ಮುಖ ನೋಡದವರಿಗೆ ಸಾವು ಮುಗಿಯುವುದೇ ಇಲ್ಲ. ಬಾಗಿಲ ಸದ್ದಾದಾಗಲೆಲ್ಲ ಬಂದರೇನೋ ಎನ್ನಿಸುತ್ತದೆ.

ಹೊಸ ಕಿಲ್ಲಾರಿಯ ಮನೆಯೊಂದರಲ್ಲಿ ಕಲಬುರಗಿ ಕಡೆಯಿಂದ ಸೊಸೆಯಾಗಿ ಬಂದ ವೃದ್ಧೆಯೊಬ್ಬರು ನಮ್ಮ ಕನ್ನಡ ಕೇಳಿ ಹಿಗ್ಗಿ, “ಬರ್ರಿ, ಕೂಡ್ರಿ” ಎಂದು ಚಾಪೆ ಹಾಸಿದರು. “ಅವ್ವಾ, ಆಗ ನಿಮ್ಮನ್ನ ನೋಡಾಕ ಯಾರ್ಯಾರು ಬಂದಿದ್ರು?” ಎಂದು ಕೇಳಿದೆವು.

“ಬಾಳ ಮಂದಿ ಬಂದ್ರೆಪ್ಪ. ಎಷ್ಟ್ ಮಂದಿ ಸತ್ರು ಅಂತ ಬರಕೊಂಡ್ ಹೋದ್ರು. ಸತ್ತವ್ರು ಹ್ಯಾಂಗಿದ್ರು ಅಂತ ಕೇಳಿದವ್ರು ಕಡಿಮಿ,” ಎಂದರು ಆ ತಾಯಿ.

ನಾವು ಆ ಪ್ರಶ್ನೆ ಕೇಳಿದೆವು. ಅವರು ಬಹಳ ಹೊತ್ತು ಮಾತನಾಡಿದರು. ನಡುವೆ ಎರಡು ಸಲ ನಕ್ಕರು. ಇಷ್ಟು ವರ್ಷಗಳಾದರೂ ಅವರ ಹಾಸಿಗೆ ಬಾಗಿಲ ಹತ್ತಿರವೇ ಇದೆ.

ಹೊಸ ಊರು, ಹಳೆಯ ದಿಗಿಲು

ಮಹಾರಾಷ್ಟ್ರ ಸರ್ಕಾರವು ವಿಶ್ವಬ್ಯಾಂಕಿನ ನೆರವಿನಿಂದ ನೆಲಸಮವಾದ ಹಳ್ಳಿಗಳನ್ನು ಬೇರೆ ನಿವೇಶನಗಳಲ್ಲಿ ಕಟ್ಟಿಸಿತು. ಜಮೀನಿನ ಹಿಡುವಳಿಗೆ ತಕ್ಕಂತೆ 250, 400, 750 ಚದರಡಿಯ ಮನೆಗಳು. ಅಗಲವಾದ ರಸ್ತೆಗಳು, ನೇರವಾದ ಸಾಲುಗಳು. ಕಟ್ಟಡ ಭದ್ರವಾಯಿತು, ಆದರೆ ಓಣಿ ಹೋಯಿತು. ಹಳೆಯ ಊರಿನಲ್ಲಿ ಒಂದು ಮನೆಯ ಅಳು ನಾಲ್ಕು ಮನೆಗೆ ಕೇಳುತ್ತಿತ್ತು. ಹೊಸ ಊರಿನಲ್ಲಿ ನಿವೇಶನಗಳ ನಡುವಿನ ದೂರ ಹೆಚ್ಚು. ಹೊಲ ದೂರವಾಯಿತು, ಕಟ್ಟೆ ಕಾಣೆಯಾಯಿತು. ಒಂಟಿತನಕ್ಕೆ ಇಂಥ ಊರು ಅನುಕೂಲವಾದ ಜಾಗ. ಮನೆ ಕಟ್ಟುವವರು ಜನರನ್ನು ಕೂಡಿಸಿಕೊಂಡು ನಕ್ಷೆ ಬರೆಯಬೇಕೆಂಬುದು ಇಲ್ಲಿ ಕಲಿಯಬೇಕಾದ ಪಾಠ.

ದುರಂತ ಕಂಡವರಲ್ಲಿ ನಿದ್ರೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಎದೆಬಡಿತ, ಕಾರಣವಿಲ್ಲದ ಮೈಕೈ ನೋವು, ತಾನೊಬ್ಬನೇ ಏಕೆ ಉಳಿದೆನೆಂಬ ಕೊರಗು ಇವೆಲ್ಲ ಸಹಜ. ಹೆಚ್ಚಿನವರಲ್ಲಿ ಕಾಲ ಕಳೆದಂತೆ, ಆಪ್ತರ ಆಸರೆಯಿಂದ ಇವು ತಗ್ಗುತ್ತವೆ. ಕೆಲವರಲ್ಲಿ ಮಾತ್ರ ಬೇರೂರಿ ಖಿನ್ನತೆ ಅಥವಾ ಆಘಾತೋತ್ತರ ಕಾಯಿಲೆಯಾಗುತ್ತವೆ. ಅಂಥವರಿಗೆ ವೈದ್ಯರ ಚಿಕಿತ್ಸೆ ಬೇಕೇಬೇಕು. ನೋವು ಮರೆಯಲು ಹಿಡಿದ ಕುಡಿತವೂ ಅನೇಕ ಮನೆಗಳಲ್ಲಿ ಎರಡನೆಯ ದುರಂತವಾಗುವುದುಂಟು.

ಆಸರೆಯಾದ ಕೈಗಳು

ಈ ಸೀಮೆಯಲ್ಲಿ ನಮ್ಮ ಮನಸ್ಸಿಗೆ ಅತಿ ಹಿಡಿಸಿದ್ದು ಹೆಣ್ಣುಮಕ್ಕಳ ಕಾಯಕ. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಮುಂದಾಳತ್ವದಲ್ಲಿ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮಹಿಳೆಯರು ‘ಸಂವಾದ ಸಹಾಯಕ’ರಾದರು. ಸೆರಗು ಬಿಟ್ಟು ಮನೆಯ ಹೊಸಿಲು ದಾಟದವರು ಗೋಡೆಯ ಬಲಪಡಿಸುವಿಕೆ ಕಲಿತರು, ಅಧಿಕಾರಿಗಳ ಮುಂದೆ ನಿಂತು ಲೆಕ್ಕ ಕೇಳಿದರು, ಮನೆಮನೆಗೆ ಹೋಗಿ ಜನರ ಅಹವಾಲು ಆಲಿಸಿದರು. ಇದನ್ನು ಯಾರೂ ಮನೋಚಿಕಿತ್ಸೆಯೆಂದು ಕರೆಯಲಿಲ್ಲ. ಆದರೆ ಕೈಗೆ ಕೆಲಸ, ಮಾತಿಗೆ ಜೊತೆ, ಬದುಕಿಗೊಂದು ಹೊಣೆ ದೊರೆತುದೇ ಅನೇಕರಿಗೆ ಮದ್ದಾಯಿತು. 2001ರಲ್ಲಿ ಗುಜರಾತಿನ ಕಚ್ ಪ್ರದೇಶದಲ್ಲಿ ಭೂಕಂಪವಾದಾಗ ಇಲ್ಲಿನ ಮಹಿಳೆಯರು ಅಲ್ಲಿಗೆ ಹೋದರು. ಕಳೆದುಕೊಂಡವರ ಪಕ್ಕದಲ್ಲಿ ಕಳೆದುಕೊಂಡವರೇ ಕುಳಿತಾಗ ಸಮಾಧಾನದ ಮಾತಿಗೆ ತೂಕ ಬರುತ್ತದೆ.

ಮಕ್ಕಳ ಹೊಣೆಯನ್ನೂ ಹಲವರು ಹೊತ್ತರು. ಶಾಂತಿಲಾಲ್ ಮುಥಾ ಅವರ ಭಾರತೀಯ ಜೈನ ಸಂಘಟನೆ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ವಿದ್ಯೆ ಕೊಟ್ಟಿತು. ಅನ್ಯಧರ್ಮದ ಬಂಧುಗಳು ಮಾಡಿದ ಈ ದಾಸೋಹವನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಮನಸ್ಸಿನ ಶುಶ್ರೂಷೆಯ ವಿದ್ಯೆಯಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪಾಲು ದೊಡ್ಡದು. 1984ರ ಭೋಪಾಲ್ ವಿಷಾನಿಲ ದುರಂತದ ನಂತರ ಅಲ್ಲಿನ ಡಾ. ಆರ್. ಶ್ರೀನಿವಾಸಮೂರ್ತಿಯವರು ಸಾಮಾನ್ಯ ವೈದ್ಯರಿಗೇ ಮಾನಸಿಕ ಆರೈಕೆಯ ತರಬೇತಿ ನೀಡುವುದರಲ್ಲಿ ತೊಡಗಿದರು. 1999ರ ಒರಿಸ್ಸಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ತರುವಾಯ ಹಳ್ಳಿಯ ಕಾರ್ಯಕರ್ತರಿಗಾಗಿ ಕೈಪಿಡಿಗಳು ಸಿದ್ಧವಾದವು. 2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಈ ವಿಷಯಕ್ಕಾಗಿಯೇ ಮಾರ್ಗಸೂಚಿ ಪ್ರಕಟಿಸಿತು. ಅನ್ನ, ಬಟ್ಟೆ, ಸೂರುಗಳ ಜೊತೆಗೆ ಮನಸ್ಸಿನ ಆರೈಕೆಯೂ ಪರಿಹಾರ ಕಾರ್ಯದ ಅಂಗವೆಂದು ಆಡಳಿತ ಒಪ್ಪಿತು.

ನಮ್ಮ ಮನೆಗಳು, ನಮ್ಮ ಮಠಗಳು

ಪ್ರತಿವರ್ಷ ಸೆಪ್ಟೆಂಬರ್ 30ರಂದು ಕಿಲ್ಲಾರಿಯ ಸ್ಮಾರಕದ ಬಳಿ ಜನ ಸೇರಿ ಮೃತರಿಗೆ ಶ್ರದ್ಧಾಂಜಲಿ ಸಲ್ಲಿಸುತ್ತಾರೆ. ಕ್ರಿಯೆ ಕೈತಪ್ಪಿದವರಿಗೆ ಸಾಮೂಹಿಕ ಸ್ಮರಣೆಯೇ ಕ್ರಿಯೆ.

ನಮ್ಮ ನಾಡಿಗೂ ಆಪತ್ತು ಬಾರದೆ ಇಲ್ಲ. 2009 ಮತ್ತು 2019ರಲ್ಲಿ ಉತ್ತರ ಕರ್ನಾಟಕದ ನೆರೆ, 2018ರಲ್ಲಿ ಕೊಡಗಿನ ಭೂಕುಸಿತವನ್ನು ಕಂಡಿದ್ದೇವೆ. ಅಂಥ ವೇಳೆಯಲ್ಲಿ ಸಂತ್ರಸ್ತರ ಮನೆಗೆ ಹೋಗುವ ಬಂಧುಗಳು ಕೆಲವನ್ನು ನೆನಪಿಡಬೇಕು. “ಹಿಂದಿನ ಜನ್ಮದ ಕರ್ಮ”, “ದೇವರ ಶಿಕ್ಷೆ” ಎಂಬ ಮಾತು ಬಾಯಿಂದ ಬರಬಾರದು; ಮಗುವನ್ನು ಕಳೆದುಕೊಂಡ ತಾಯಿಗೆ ಅದು ಉಪದೇಶವಲ್ಲ, ಆರೋಪ. “ಅಳಬೇಡಿ” ಎಂದು ತಡೆಯಬಾರದು, ಹೇಳಲೇಬೇಕೆಂದು ಒತ್ತಾಯಿಸಲೂಬಾರದು. ಸುಮ್ಮನೆ ಪಕ್ಕದಲ್ಲಿ ಕುಳಿತು, ಹೇಳಿದ್ದನ್ನು ಪೂರ್ತಿ ಕೇಳಬೇಕು. ಮಕ್ಕಳನ್ನು ಆದಷ್ಟು ಬಂಧುಗಳ ಜೊತೆಗೇ ಇರಿಸಿ, ಬೇಗ ಶಾಲೆಗೆ ಕಳುಹಿಸಬೇಕು. ಸಾಯುವ ಮಾತನಾಡುವವರನ್ನು, ತಿಂಗಳುಗಳಾದರೂ ಉಣ್ಣದೆ ಮಲಗದೆ ಇರುವವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ, ಹಣ ಕೊಡಬೇಕಾಗಿಲ್ಲ.

ನೆರೆ ಬಂದಾಗ ನಮ್ಮ ಮಠಗಳು ಅನ್ನದಾಸೋಹಕ್ಕೆ ಒಡನೆಯೇ ಒಲೆ ಹೂಡುತ್ತವೆ; ಇದು ನಮ್ಮ ಸಮಾಜದ ಹೆಮ್ಮೆ. ಅನ್ನ ಬಡಿಸಿದ ಮೇಲೆ ಪಂಕ್ತಿಯ ಕೊನೆಯಲ್ಲಿ ಒಬ್ಬಂಟಿಯಾಗಿ ಕುಳಿತವರ ಬಳಿ ಒಂದು ಗಳಿಗೆ ಕೂಡಲು ನಾಲ್ಕು ಜನರಿಗೆ ತರಬೇತಿ ಕೊಟ್ಟು ಸಿದ್ಧಪಡಿಸುವುದು ಕಠಿಣವೇನಲ್ಲ. ಪ್ರತಿ ಊರಿನ ಅಕ್ಕನ ಬಳಗ, ತರುಣ ಸಂಘಗಳು ಆಪತ್ತು ಬರುವ ಮೊದಲೇ ಈ ಕೆಲಸಕ್ಕೆ ಮನಸ್ಸು ಮಾಡಲೆಂದು ಸಮಸ್ತ ಬಂಧುಗಳಲ್ಲಿ ನಮ್ಮ ವಿನಂತಿ.