ಒಂದು ಸುತ್ತು ಹೆಚ್ಚು

2025ರ ಮೇ 3, ಶನಿವಾರ. ಬೆಳಗ್ಗೆ ಏಳಕ್ಕೆ ಅಕ್ಕ ಮತ್ತು ನಾನು ಡೊಂಬಿವಲಿ ಸ್ಟೇಷನ್ನಿನ ಸೇತುವೆ ಮೇಲಿದ್ದೆವು. ಅವಳ ಹೆಗಲಲ್ಲಿದ್ದ ಚೀಲದಲ್ಲಿ ನೀರಿನ ಬಾಟಲಿ, ಎರಡು ಬಾಳೆಹಣ್ಣು, ಖರ್ಜೂರ, ಟವೆಲ್ಲು, ಇನ್ನೊಂದು ಜೊತೆ ಸಾಕ್ಸು. ನನ್ನ ಹೆಗಲಲ್ಲಿ ಲ್ಯಾಪ್‌ಟಾಪ್. ಓಡುವವಳು ಅವಳು, ನಿನಗ್ಯಾಕೆ ಲ್ಯಾಪ್‌ಟಾಪ್ ಅಂತ ನೀವು ಕೇಳಬಹುದು. ಅವಳೂ ಕೇಳಿದಳು. "ಆಫೀಸಿಂದ ಫೋನ್ ಬಂದ್ರ ಇರ್ಲಿ" ಅಂದೆ. ಅದರಲ್ಲಿ ಅವಳಿಗಾಗಿ ನಾನು ಮೂರು ವಾರ ಕೂತು ಮಾಡಿದ್ದ ಎಕ್ಸೆಲ್ ಶೀಟ್ ಇತ್ತು. ಹಿಂದಿನ ರಾತ್ರಿ ಪುಣೆಯಿಂದ ಬಂದವನು ಊಟಕ್ಕೆ ಮೊದಲು ಅದನ್ನೇ ತೆರೆದು ತೋರಿಸಿದ್ದೆ. ಒಟ್ಟು ಗುರಿ ಒಂದು ಗಂಟೆ 52 ನಿಮಿಷ.

ಹೈರಾಕ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. 2017ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹುಟ್ಟಿದ ಒಳಾಂಗಣ ಸ್ಪರ್ಧೆ ಇದು. ಶುರು ಮಾಡಿದ ಇಬ್ಬರಲ್ಲಿ ಒಬ್ಬರು ಮೊರಿಟ್ಜ್ ಫುರ್ಸ್ಟೆ, 2008 ಮತ್ತು 2012ರ ಒಲಿಂಪಿಕ್ಸ್‌ನಲ್ಲಿ ಜರ್ಮನಿಗೆ ಹಾಕಿ ಚಿನ್ನ ಗೆದ್ದ ತಂಡಗಳಲ್ಲಿದ್ದವರು. ನಮ್ಮ ಹಾಕಿ ಇಂಡಿಯಾ ಲೀಗಿನಲ್ಲಿ ರಾಂಚಿ ಪರ ಆಡಿದ್ದೂ ಕೆಲವರಿಗೆ ನೆನಪಿರಬಹುದು. ಒಂದು ಕಿಲೋಮೀಟರ್ ಓಟ, ಒಂದು ಕಸರತ್ತು, ಮತ್ತೆ ಒಂದು ಕಿಲೋಮೀಟರ್, ಮತ್ತೊಂದು ಕಸರತ್ತು, ಹೀಗೆ ಎಂಟು ಸಲ. ಲಂಡನ್ನಿರಲಿ, ಮುಂಬೈ ಇರಲಿ, ಕಸರತ್ತುಗಳ ಕ್ರಮ ಅದೇ, ದೂರ ಅದೇ, ತೂಕ ಅದೇ. ಕಾಲಿಗೆ ಕಟ್ಟಿದ ಚಿಪ್ ಪ್ರತಿ ಹಂತಕ್ಕೂ ಬೇರೆ ಬೇರೆ ಸಮಯ ಬರೆದಿಡುತ್ತದೆ. ನನ್ನಂಥವನ ಪಾಲಿಗೆ ಹಬ್ಬ. ಯಾವ ಸರ್ವರ್ ಎಲ್ಲಿ ನಿಧಾನವಾಯಿತು ಅಂತ ಲಾಗ್ ನೋಡಿ ಹೇಳುವುದೇ ಹದಿನಾಲ್ಕು ವರ್ಷದಿಂದ ನನ್ನ ಹೊಟ್ಟೆಪಾಡು.

ಅಕ್ಕನಿಗೆ 44. ಡೊಂಬಿವಲಿಯ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ನಾಲ್ಕು ವರ್ಷದ ಹಿಂದೆ ಸಕ್ಕರೆ ಅಂಚಿನಲ್ಲಿದೆ ಅಂತ ಡಾಕ್ಟರು ಹೇಳಿದ ಮೇಲೆ ಜಿಮ್ಮಿಗೆ ಹೋಗತೊಡಗಿದಳು. ಸಕ್ಕರೆ ಇಳಿಯಿತು, ಜಿಮ್ ಬಿಡಲಿಲ್ಲ.

ದಾದರಿನಲ್ಲಿ ಇಳಿದು ಪಶ್ಚಿಮ ರೈಲ್ವೆಯ ಸ್ಲೋ ಲೋಕಲ್ ಹಿಡಿದು ರಾಮ್ ಮಂದಿರ್ ಸ್ಟೇಷನ್ನಿಗೆ ಬಂದೆವು. ಜೋಗೇಶ್ವರಿ ಮತ್ತು ಗೋರೆಗಾಂವ್ ನಡುವಿನ ಈ ಸ್ಟೇಷನ್ ಆದದ್ದು 2016ರ ಕೊನೆಗೆ. ಅಲ್ಲಿಂದ ಪೂರ್ವಕ್ಕೆ ನಡೆದರೆ ಎಕ್ಸ್‌ಪ್ರೆಸ್ ಹೈವೇ ಪಕ್ಕ ನೆಸ್ಕೋ. ವಸ್ತು ಪ್ರದರ್ಶನಕ್ಕೆ, ನವರಾತ್ರಿಯ ಗರಬಾಕ್ಕೆ ನೀವೂ ಹೋಗಿರಬಹುದು. ಕೋವಿಡ್ ಕಾಲದಲ್ಲಿ ಇಲ್ಲೇ ಸಾಲು ಸಾಲು ಹಾಸಿಗೆ ಹಾಕಿದ್ದರು. ಈಗ ಅಂಥದೇ ದೊಡ್ಡ ಶೆಡ್ಡಿನೊಳಗೆ ಎದೆಗೂಡು ನಡುಗಿಸುವ ಸಂಗೀತ, ಹಳದಿ ಕಪ್ಪು ಬ್ಯಾನರು, ನಡುವೆ ಕಸರತ್ತಿನ ಅಂಕಣ, ಸುತ್ತ ಓಟದ ದಾರಿ, ದಾರಿಗೆ ಬೇಲಿ. ಬೇಲಿಯ ಹೊರಗೆ ನನ್ನಂಥ ಬೀಗರು.

ಹೊರಡುವ ಮುಂಚೆ ಅಕ್ಕ ಒಂದೇ ಕೆಲಸ ಹೇಳಿದಳು. "ಈ ಕಂಬದ ಹತ್ರ ನಿಂದರು. ನಾ ಬಂದಾಗೆಲ್ಲ ಎಷ್ಟನೇ ಸುತ್ತು ಅಂತ ಒದರು. ನನಗ ಲೆಕ್ಕ ತಪ್ತದ." ಒಂದು ಕಿಲೋಮೀಟರಿಗೆ ಎಷ್ಟು ಸುತ್ತು ಅನ್ನುವುದು ಹಾಲ್‌ನ ಅಳತೆ ಮೇಲೆ ನಿಗದಿಯಾಗುತ್ತದೆ, ಎಣಿಸುವ ಹೊಣೆ ಓಡುವವರದೇ. ಕಡಿಮೆ ಓಡಿದರೆ ದಂಡ. ಹೆಚ್ಚು ಓಡಿದರೆ ಕೇಳುವವರಿಲ್ಲ.

ಮೊದಲ ಕಿಲೋಮೀಟರೇ ನನ್ನ ಶೀಟ್ ಹರಿದು ಹಾಕಿತು. 6:50ರಲ್ಲಿ ಓಡು ಅಂದಿದ್ದೆ, ಅವಳು 6:05ರಲ್ಲಿ ಮುಗಿಸಿದಳು. "ನಿಧಾನ, ನಿಧಾನ" ಅಂತ ಕಿರುಚಿದ್ದು ಆ ಸಂಗೀತದಲ್ಲಿ ನನಗೇ ಕೇಳಿಸಲಿಲ್ಲ. ಆಮೇಲೆ ಸ್ಕೀ ಯಂತ್ರದ ಹಗ್ಗ ಜಗ್ಗುವುದು 1000 ಮೀಟರ್, ಬಳಿಕ ಸ್ಲೆಡ್. ಹೆಂಗಸರ ಓಪನ್ ವಿಭಾಗಕ್ಕೆ ಅದರ ತೂಕ ಎಲ್ಲ ಸೇರಿ 102 ಕಿಲೋ, 50 ಮೀಟರ್ ನೂಕಬೇಕು. ಕೆಳಗೆ ಕಾರ್ಪೆಟ್, ಚಕ್ರ ಇಲ್ಲ. ಮೊದಲ ನೂಕಿಗೆ ಅದು ಅಲುಗಲಿಲ್ಲ. ಅವಳು ಸೊಂಟ ತಗ್ಗಿಸಿ, ತಲೆಯನ್ನು ತೋಳುಗಳ ನಡುವೆ ಇಳಿಸಿ, ಕೆಸರಿನಲ್ಲಿ ಹೂತ ಚಕ್ಕಡಿ ದೂಡುವ ಹಾಗೆ ನಿಂತಳು. ಅದು ಹೊರಟಿತು. ಆಮೇಲೆ ಅದನ್ನೇ ಹಗ್ಗದಿಂದ ಎಳೆಯುವುದು, ಈ ಸಲ ತೂಕ ಕಡಿಮೆ. ನಾಲ್ಕನೆಯದು ಬರ್ಪಿ ಬ್ರಾಡ್ ಜಂಪ್: ಎದೆ ನೆಲಕ್ಕೆ ತಾಗಿಸಿ, ಎದ್ದು, ಮುಂದಕ್ಕೆ ಜಿಗಿದು, ಮತ್ತೆ ನೆಲಕ್ಕೆ, ಹೀಗೆ 80 ಮೀಟರ್. ಉರುಳುಸೇವೆ ಮಾಡಿದವರಿಗೆ ಸ್ವಲ್ಪ ಅಂದಾಜಾದೀತು. ಅವಳಿಗೆ ಎಂಟು ನಿಮಿಷ ಹತ್ತು ಸೆಕೆಂಡ್ ಹಿಡಿಯಿತು.

ಅಷ್ಟು ಹೊತ್ತಿಗೆ ನನ್ನ ಫೋನಿನ ಬ್ಯಾಟರಿ ಕೆಂಪಾಗಿತ್ತು. ಆಪಿನಲ್ಲಿ ಅವಳ ಸಮಯ ಒಂದೊಂದಾಗಿ ಬರುತ್ತಿತ್ತು, ಅದು ತಪ್ಪಬಾರದು. ಹಿಂದೆ ಗೋಡೆ ಹತ್ತಿರ ಪ್ಲಗ್ ಕಂಡಿತು. ಲ್ಯಾಪ್‌ಟಾಪ್ ತೆಗೆದು ಕೂತೆ.

ಕೊನೆಗೆ ವಾಲ್ ಬಾಲ್, ನಾಲ್ಕು ಕಿಲೋ ಚೆಂಡನ್ನು ಕುಕ್ಕರಗಾಲಿನಿಂದ ಎದ್ದು ಗುರಿಗೆ ನೂರು ಸಲ ಎಸೆಯುವುದು. ಅದಕ್ಕೆ ಮಾತ್ರ ಬೇಲಿಗೆ ವಾಪಸು ಬಂದಿದ್ದೆ. ಅರವತ್ತರ ನಂತರ ಐದೈದಕ್ಕೆ ನಿಲ್ಲುತ್ತಿದ್ದಳು. ಮುಗಿದಾಗ ಒಂದು ಗಂಟೆ 57 ನಿಮಿಷ.

ಗೋರೆಗಾಂವಿನ ಒಂದು ಉಡುಪಿ ಹೋಟೆಲಿನಲ್ಲಿ ಕೂತೆವು. ಗಲ್ಲಾದಲ್ಲಿದ್ದವರು ನಮ್ಮ ಮಾತು ಕೇಳಿ "ಯಾವ ಊರು?" ಅಂದರು. ಧಾರವಾಡ ಕಡೆ ಅಂದದ್ದಕ್ಕೆ ಸಾಂಬಾರು ಎರಡು ಸಲ ತಾವಾಗಿಯೇ ಬಂತು. ಅಕ್ಕ ಎರಡು ಲೋಟ ಮಜ್ಜಿಗೆ ಕುಡಿದಳು. ನಾನು ಶೀಟ್ ತೆರೆದೆ.

ಓಟದ ಎಂಟು ಭಾಗ ಸೇರಿ 60:15. ಕಸರತ್ತುಗಳು 47:40. ಉಳಿದ 9:05 ರಾಕ್ಸ್‌ಝೋನ್, ಅಂದರೆ ಓಟದ ದಾರಿಯಿಂದ ಕಸರತ್ತಿಗೆ, ಅಲ್ಲಿಂದ ವಾಪಸು ಹೋಗುವ ನಡುವಣ ಜಾಗದಲ್ಲಿ ಕಳೆದದ್ದು. ಅಲ್ಲಿ ನಡೆಯುವವರೇ ಹೆಚ್ಚು, ನಡೆದರೆ ನಿಮಿಷಗಳು ಸೋರುತ್ತವೆ. ಜಿಮ್ಮಿಗೆ ಒಂದು ರೂಪಾಯಿ ಹೆಚ್ಚು ಕೊಡದೆ ಸುಧಾರಿಸಬಹುದಾದದ್ದು ಇದೊಂದೇ. ಎರಡು ಕೈಗೆ ಹದಿನಾರು ಹದಿನಾರು ಕಿಲೋ ಹಿಡಿದು 200 ಮೀಟರ್ ನಡೆಯುವುದನ್ನು 2:40ರಲ್ಲಿ ಮುಗಿಸಿದ್ದಳು, ಒಮ್ಮೆಯೂ ಕೆಳಗಿಟ್ಟಿರಲಿಲ್ಲ. "ಅದಕ್ಕ ಪ್ರಾಕ್ಟೀಸ್ ಬೇಕಿಲ್ಲ, ಇಪ್ಪತ್ತು ವರ್ಷ ಆತು ಸಂತಿ ಚೀಲ ಹಿಡಿದು ಡೊಂಬಿವಲಿ ಸೇತುವೆ ಹತ್ತಾಕತ್ತು" ಅಂದಳು.

ನಾನು ನಗದೆ ಮುಂದುವರಿಸಿದೆ. ನಾಲ್ಕನೇ ಓಟ 7:25, ಆರನೆಯದು 7:20. ಐದನೆಯದು ಮಾತ್ರ 9:45. "ಇಲ್ಲಿ ನೋಡಕ್ಕ, ಮೊದಲನೇ ಕಿಲೋಮೀಟರಿನ್ಯಾಗ ಹುರುಪು ಮಾಡಿದ್ದಕ್ಕ ಇಲ್ಲಿ ಬಡ್ಡಿ ಕಟ್ಟೀದಿ. ಬರ್ಪಿ ಆದ ಮ್ಯಾಲ ನಿನ್ನ ಕಾಲು ಪೂರಾ ಸತ್ತಾವ" ಅಂತ ಸುಮಾರು ಹೊತ್ತು ಕೊರೆದೆ. ಬಣ್ಣದ ಗ್ರಾಫ್ ಕೂಡ ಇತ್ತು.

ಅಕ್ಕ ಇಡ್ಲಿ ಮುರಿಯುತ್ತ ಹೇಳಿದಳು: "ಒಂದ್ ಸುತ್ತು ಜಾಸ್ತಿ ಓಡೀನಿ. ಲೆಕ್ಕ ತಪ್ತು. ಕಂಬದ ಹತ್ರ ನೀ ಇರ್ಲಿಲ್ಲ."

ಲಾಗ್ ಓದುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ದಣಿದ ಕಾಲು ಆರನೇ ಓಟಕ್ಕೆ ಮತ್ತೆ 7:20ಕ್ಕೆ ಬರುವುದಿಲ್ಲ. ದಣಿವಾದರೆ ಗೆರೆ ಏರುತ್ತಲೇ ಹೋಗುತ್ತದೆ, ಹೀಗೆ ಒಂದೇ ಕಡೆ ಗೂಟದ ಹಾಗೆ ಎದ್ದು ನಿಲ್ಲುವುದಿಲ್ಲ. ಆಫೀಸಿನಲ್ಲಿ ಕಿರಿಯರು ಇಂಥ ತಪ್ಪು ಮಾಡಿದರೆ ನಾನು ಸುಮ್ಮನೆ ಬಿಡುವವನಲ್ಲ.

ಇನ್ನೊಂದು ಮಾತು ಹೇಳದಿದ್ದರೆ ಇದು ಅರ್ಧ ಲೆಕ್ಕವಾದೀತು. 1996ರಲ್ಲಿ ಅವಳಿಗೆ ಹದಿನೈದು, ನನಗೆ ಒಂಬತ್ತು. ಶಾಲೆಯ ಎರೆಮಣ್ಣಿನ ಬಯಲಿನಲ್ಲಿ ಸುಣ್ಣದಿಂದ ಎಳೆದ 200 ಮೀಟರ್ ಸುತ್ತು. ಅವಳು 800 ಮೀಟರ್ ಓಡುತ್ತಿದ್ದಳು. ನಾನು ಕಾಂಪೌಂಡ್ ಗೋಡೆ ಮೇಲೆ ಕೂತು ಸುತ್ತಿಗೊಂದರಂತೆ ಹುಣಸೆ ಬೀಜ ಎತ್ತಿಡುತ್ತಿದ್ದೆ. ನಾಲ್ಕು ಬೀಜ ಆದರೆ "ಆತು!" ಅಂತ ಕೂಗುವುದು. ಆ ವರ್ಷ ಅವಳಿಗೆ ಸ್ಪೋರ್ಟ್ಸ್ ಹಾಸ್ಟೆಲಿನಿಂದ ಕಾಗದ ಬಂತು. ಹುಡುಗಿಯನ್ನು ಅಷ್ಟು ದೂರ ಕಳಿಸುವುದಿಲ್ಲ ಅಂದರು ಅಪ್ಪ. ಕಾಗದ ಬಹಳ ದಿನ ದೇವರ ಕೋಣೆಯ ಗೂಡಿನಲ್ಲಿತ್ತು. ಒಂಬತ್ತು ವರ್ಷದ ನಂತರ ನನ್ನನ್ನು ಇಂಜಿನಿಯರಿಂಗಿಗೆ ಕಳಿಸಲು ಅದೇ ಅಪ್ಪ ಸಾಲ ಮಾಡಿದರು; ಅದು ತೀರುವವರೆಗೆ ಡೊಂಬಿವಲಿಯಿಂದ ಪ್ರತಿ ತಿಂಗಳು ಮನಿಯಾರ್ಡರ್ ಹೋಗುತ್ತಿತ್ತು. ಈ ವಿಷಯ ನಾವಿಬ್ಬರೂ ಎಂದೂ ಕೂತು ಮಾತಾಡಿಲ್ಲ. ಅವತ್ತೂ ಮಾತಾಡಲಿಲ್ಲ.

"ಆ ಒಂದು ಸುತ್ತು ತೆಗೆದರ 1:54:40 ಆಗ್ತದ" ಅಂದೆ, ಐದನೇ ಓಟವನ್ನು 7:25 ಅಂತ ತಿದ್ದಿ.

"ತೆಗೀಬ್ಯಾಡ" ಅಂದಳು. "ಓಡಿದ್ದು ಓಡೀನಿ."

ವಾಪಸು ಹಾಕಿದೆ. ಮೊದಲನೇ ಕಿಲೋಮೀಟರ್ ಅಷ್ಟು ಜೋರಾಗಿ ಯಾಕೆ ಓಡಿದೆ ಅಂತ ಕೇಳಿದ್ದಕ್ಕೆ, ಹೊರಡುವ ಗಂಟೆ ಕೇಳಿದ ಕೂಡಲೇ ಶೀಟ್ ನೆನಪಾಗಲಿಲ್ಲ, ಎಷ್ಟೋ ವರ್ಷದ ಮೇಲೆ ಎದುರಿಗೆ ಖಾಲಿ ಟ್ರ್ಯಾಕ್ ಇತ್ತು ಅಂದಳು. ಆ ನಲವತ್ತೈದು ಸೆಕೆಂಡನ್ನು ಯಾವ ಕಾಲಮ್ಮಿಗೆ ಹಾಕುವುದು ಗೊತ್ತಾಗದೆ ಲ್ಯಾಪ್‌ಟಾಪ್ ಮುಚ್ಚಿದೆ.

ದಾದರಿನ ಸೇತುವೆ ಹತ್ತುವಾಗ ಅವಳ ಕಾಲು ನಡುಗುತ್ತಿತ್ತು. ಚೀಲ ಕೇಳಿದೆ, ಕೊಡಲಿಲ್ಲ. ಡೊಂಬಿವಲಿ ಲೋಕಲ್ಲಿನಲ್ಲಿ ಪುಣ್ಯಕ್ಕೆ ಸೀಟು ಸಿಕ್ಕಿತು. ಠಾಣೆ ದಾಟಿದ ಮೇಲೆ ಕಣ್ಣು ಮುಚ್ಚಿಕೊಂಡೇ, "ಜುಲೈನ್ಯಾಗ ದಿಲ್ಲಿ ಒಳಗೂ ಐತಂತ. ನಿನಗ ರಜಾ ಸಿಗ್ತದೇನು ನೋಡು" ಅಂದಳು.

ನೋಡ್ತೀನಿ ಅಂದೆ.

"ಮತ್ತ ಬರೂದಾದ್ರ ಅದನ್ನ ಮನ್ಯಾಗ ಬಿಟ್ಟ್ ಬಾ" ಅಂತ ನನ್ನ ತೊಡೆ ಮೇಲಿದ್ದ ಬ್ಯಾಗಿಗೆ ಮೊಣಕೈ ತಾಗಿಸಿ, ದಿವಾ ಬರುವಷ್ಟರಲ್ಲಿ ನಿದ್ದೆ ಹೋದಳು.