ಬಣ್ಣ ನೋಡಿ ಖಾರ ಹೇಳಬೇಡಿ

ಒಲೆ, ಒಗ್ಗರಣೆ, ಉಪ್ಪಿನಕಾಯಿ ಎಂದು ಬರೆಯಬೇಕಾದ ಪುಟದಲ್ಲಿ ಇವಳೇನು ಕ್ಯಾಮರಾ, ಮೆಮರಿ ಕಾರ್ಡು ಎಂದು ಶುರು ಮಾಡಿದಳು ಅಂತ ಮೂಗು ಮುರಿಯಬೇಡಿ, ಸೋದರಿಯರೇ. ನಿಮ್ಮ ಮನೆಯಲ್ಲೂ ನಾಳೆ ಮದುವೆ ಕೂಡಿ ಬರುತ್ತದೆ. ಹಂದರ ಹಾಕುವವನನ್ನು, ಅಡಿಗೆಯವನನ್ನು, ವಾಲಗದವರನ್ನು ಹತ್ತು ಪ್ರಶ್ನೆ ಕೇಳಿ ಸುಸ್ತು ಮಾಡುವ ನಾವು ವಿಡಿಯೋದವನನ್ನು ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ತಗೋತೀರಿ?’ ಕೇಳಬೇಕಾದ ಪ್ರಶ್ನೆಗಳು ಇನ್ನೂ ಕೆಲವು ಇವೆ. ಅವು ನನಗೆ ತಿಳಿದ ಬಗೆಯನ್ನು ನಿಮಗೂ ಹೇಳಿಬಿಡೋಣ ಎಂದು ಕುಳಿತಿದ್ದೇನೆ.

ನಾವು ರಾಣೆಬೆನ್ನೂರಿನವರು. ನಮ್ಮ ಮನೆಯವರದು ಸಣ್ಣದೊಂದು ಫೋಟೋ ಸ್ಟುಡಿಯೋ. ನಾನು ಈ ಮನೆಗೆ ಬಂದ ಕಾಲದಲ್ಲಿ ಇವರು ಹೆಗಲ ಮೇಲೆ ದೊಡ್ಡ ಕ್ಯಾಮರಾ ಹೊತ್ತು, ಜೊತೆಗೊಬ್ಬ ಹುಡುಗನ ಕೈಗೆ ಕಣ್ಣು ಕುಕ್ಕುವ ಲೈಟು ಕೊಟ್ಟು ಮದುವೆ ಮನೆಗೆ ಹೋಗುತ್ತಿದ್ದರು. ಆಗಿನದೆಲ್ಲ ವಿಎಚ್‌ಎಸ್ ಕ್ಯಾಸೆಟ್ಟು. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ಹೊರತಂದದ್ದಂತೆ. ಕ್ಯಾಸೆಟ್ಟಿನಲ್ಲಿ ಒಂದು ಗುಣ ಇತ್ತು. ಟೇಪು ಹಳತಾದರೆ ಚಿತ್ರದಲ್ಲಿ ಗೆರೆ ಬೀಳುತ್ತಿತ್ತು, ಬಣ್ಣ ಮಾಸುತ್ತಿತ್ತು, ಆದರೂ ಒಳಗಿದ್ದ ಮುಖ ಗುರುತು ಸಿಗುತ್ತಿತ್ತು. ಈಗ ನಮ್ಮ ಮಗನ ಕೈಯಲ್ಲಿ ಅಂಚೆ ಚೀಟಿಗಿಂತ ಕೊಂಚ ದೊಡ್ಡದಾದ ಎಸ್‌ಡಿ ಕಾರ್ಡು. 1999ರಲ್ಲಿ ಮತ್ಸುಷಿತ (ಇಂದಿನ ಪ್ಯಾನಾಸೋನಿಕ್), ಸ್ಯಾನ್‌ಡಿಸ್ಕ್, ತೋಷಿಬಾ ಎಂಬ ಮೂರು ಕಂಪನಿಗಳು ಕೂಡಿ ಮಾಡಿದ ವಸ್ತು ಇದು. ಬಂದರೆ ಕನ್ನಡಿಯಂಥ ಚಿತ್ರ. ಕೈಕೊಟ್ಟಿತೋ, ಗೆರೆಯೂ ಇಲ್ಲ, ಮಸುಕೂ ಇಲ್ಲ, ಏನೂ ಇಲ್ಲ.

ಈ ‘ಏನೂ ಇಲ್ಲ’ ಎಂದರೆ ಏನು ಎಂಬುದನ್ನು ನಾನು ಬ್ಯಾಡಗಿಯಲ್ಲಿ ಕಂಡೆ. ನಮ್ಮ ಅಕ್ಕನ ಮಗಳ ಮದುವೆ. ಹಿಂದಿನ ದಿನ ಸುರಗಿ, ಅರಿಷಿಣ ಎಲ್ಲ ಚೆಂದಾಗಿ ಆದವು. ಮದುಮಕ್ಕಳ ಕೊರಳಿಗೆ ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ. ನಮ್ಮ ಮಗ ಅಂದು ಬೀಗರ ಊಟಕ್ಕೆ ಓಡಾಡುವ ತಮ್ಮನಾಗಿದ್ದ. ವಿಡಿಯೋ ಬೇರೆಯವರದು. ಅಕ್ಕಿಕಾಳಿನ ಹೊತ್ತಿಗೆ, ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದ ಹುಡುಗಿಯ ಮುತ್ಯಾನನ್ನು ಕುರ್ಚಿಯಲ್ಲಿ ಕೂರಿಸಿಕೊಂಡೇ ಹಂದರಕ್ಕೆ ತಂದರು. ನಡುಗುವ ಕೈಯಿಂದ ನಾಲ್ಕು ಕಾಳು ಹಾಕಿ, ಮೊಮ್ಮಗಳ ಗಲ್ಲ ಸವರಿ, ಕಿವಿಯಲ್ಲಿ ಏನೋ ಹೇಳಿದರು. ಹುಡುಗಿ ಅಳುತ್ತಲೇ ನಕ್ಕಳು. ಇಡೀ ಹಂದರವೇ ನೋಡಿತು. ಕ್ಯಾಮರಾ ಒಂದೇ ನೋಡಲಿಲ್ಲ.

ತಿಂಗಳಾದ ಮೇಲೆ ವಿಡಿಯೋ ಬಂತು. ತಾಳಿ ಕಟ್ಟುವುದು ಇದೆ, ಅದರ ಬೆನ್ನಿಗೇ ಜನ ಗೋಧಿ ಹುಗ್ಗಿ ಉಣ್ಣುತ್ತಿದ್ದಾರೆ. ನಡುವಿನ ಹನ್ನೆರಡು ನಿಮಿಷ ಇಲ್ಲ. ‘ಕಾರ್ಡ್ ಸ್ಲೋ ಅಂತ ತೋರಿಸಿ ತಾನ ನಿಂತಬಿಟ್ಟಿತ್ತರಿ, ಗದ್ದಲದಾಗ ಗೊತ್ತಾಗಲಿಲ್ಲ’ ಎಂದನಂತೆ ಆ ಹುಡುಗ. ಪಾಪ, ಅವನ ಮೇಲೆ ಸಿಟ್ಟು ಮಾಡಿ ಏನು ಫಲ? ಕಾರ್ಡು ಅಗ್ಗಕ್ಕೆ ಸಿಕ್ಕಿತ್ತು, ಕೊಂಡಿದ್ದ. ನಾಲ್ಕನೇ ತಿಂಗಳಿಗೆ ಮುತ್ಯಾ ತೀರಿಕೊಂಡರು. ಆ ಹನ್ನೆರಡು ನಿಮಿಷವನ್ನು ಯಾವ ಅಂಗಡಿಯಿಂದ ತರೋಣ ಹೇಳಿ?

ಅದೇ ವರ್ಷ ನಮ್ಮ ಮಗ ಒಂದು ಹಳೆಯ ಪ್ಯಾನಾಸೋನಿಕ್ ಜಿಎಚ್5 ಕ್ಯಾಮರಾ ಕೊಂಡ. 2017ರಲ್ಲಿ ಬಂದ ಮಾದರಿ, ಈಗಲೂ ಗಟ್ಟಿ ಕೆಲಸ ಮಾಡುತ್ತದೆ. ಕ್ಯಾಮರಾಕ್ಕೆ ಇದ್ದ ದುಡ್ಡೆಲ್ಲ ಹೋಗಿ, ಕಾರ್ಡಿಗೆ ಅವನು ಬಂದು ನಿಂತದ್ದು ನನ್ನ ಹತ್ತಿರ. ನಾನು ವರ್ಷವರ್ಷ ಬ್ಯಾಡಗಿಯಿಂದ ಮೆಣಸಿನಕಾಯಿ ತರಿಸಿ, ಒಣಗಿಸಿ, ತೊಟ್ಟು ಬಿಡಿಸಿ, ಖಾರದ ಪುಡಿ ಮಾಡಿ ಓಣಿಯ ಮನೆಗಳಿಗೆ ಕೊಡುತ್ತೇನೆ. ಆ ದುಡ್ಡು ನನ್ನ ಗಂಟು.

‘ಅವ್ವಾ, ತಗೊಂಡ್ರ ವಿ90 ಕಾರ್ಡ ತಗೋಬೇಕು. ಎಲ್ಲಾದಕ್ಕಿಂತ ಫಾಸ್ಟ್ ಅದ’ ಎಂದ.

ಬೆಲೆ ಕೇಳಿ ನನ್ನ ಎದೆ ಧಸಕ್ಕೆಂದಿತು. ‘ಯಪ್ಪಾ, ಉಗುರಿನಷ್ಟ ಕಾರ್ಡಿಗೆ ಇಷ್ಟ ರೊಕ್ಕಾ? ನಿನ್ನ ಕ್ಯಾಮರಾ ಸೆಕೆಂಡಿಗೆ ಎಷ್ಟ ಬರೀತೈತಿ, ಅದನ್ನ ಮೊದಲ ಹೇಳು.’

‘ಜಾಸ್ತಿ ಅಂದ್ರ ನಾನೂರು.’

‘ನಾನೂರು ಬರಿಯೋ ಕ್ಯಾಮರಾಕ್ಕ ತೊಂಬತ್ತರ ಕಾರ್ಡ ಹೆಂಗ ಸಾಕಾಗ್ತೈತೋ?’

ಮಗ ಪಿಳಿಪಿಳಿ ನೋಡಿದ. ನಮ್ಮ ಮನೆಯವರು ಪೇಪರು ಮಡಚಿಟ್ಟರು. ಅಂದು ರಾತ್ರಿ ಊಟವಾದ ಮೇಲೆ ಮೂವರೂ ಒಂದು ನೋಟುಪುಸ್ತಕ ಹಿಡಿದು ಕುಳಿತೆವು. ಅಲ್ಲಿ ಬಗೆಹರಿದ ಲೆಕ್ಕವನ್ನೇ ಈಗ ನಿಮಗೆ ಹೇಳುತ್ತೇನೆ. ಹೆದರಬೇಡಿ, ರೇಷನ್ ಲೆಕ್ಕಕ್ಕಿಂತ ಸುಲಭ.

ಮೊದಲನೆಯದು, ಕ್ಯಾಮರಾ ನಿಲ್ಲುವುದೇಕೆ? ನಲ್ಲಿ ಜೋರಾಗಿ ಸುರಿಯುತ್ತಿದೆ, ಕೊಡದ ಬಾಯಿ ಕಿರಿದು ಅಂದುಕೊಳ್ಳಿ. ನಡುವೆ ಒಂದು ಪುಟ್ಟ ತೊಟ್ಟಿ ಇದೆ. ಕೊಡ ಒಳಗೆ ತೆಗೆದುಕೊಳ್ಳುವ ನೀರಿಗಿಂತ ನಲ್ಲಿಯಿಂದ ಬರುವುದು ಹೆಚ್ಚಾದರೆ ಸ್ವಲ್ಪ ಹೊತ್ತು ತೊಟ್ಟಿ ತಡೆಯುತ್ತದೆ. ಅದೂ ತುಂಬಿದ ಮೇಲೆ ನಲ್ಲಿ ಬಂದ್ ಮಾಡಲೇಬೇಕು. ಕ್ಯಾಮರಾ ಮಾಡುವುದೂ ಅದನ್ನೇ. ಹಾಗಾಗಿ ಕಾರ್ಡು ಒಂದು ಗಳಿಗೆ ಎಷ್ಟು ಜೋರಾಗಿ ಓಡುತ್ತದೆ ಎಂಬುದು ಮುಖ್ಯವಲ್ಲ. ಎಷ್ಟೇ ಸುಸ್ತಾದರೂ ಎಷ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬುದೇ ಮುಖ್ಯ.

ಎರಡನೆಯದು, ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ 170, 200, 300 ಎಂದು ಬರೆದಿರುತ್ತಾರಲ್ಲ, ಅದು ಸಾಮಾನ್ಯವಾಗಿ ಕಾರ್ಡಿನಿಂದ ಓದಿಕೊಳ್ಳುವ ವೇಗ. ಅದೂ ‘ಹೆಚ್ಚೆಂದರೆ ಇಷ್ಟು’ ಎಂಬ ಮಾತು. ನಮಗೆ ಬೇಕಾದದ್ದು ಬರೆಯುವ ವೇಗ, ‘ಕಡಿಮೆಯೆಂದರೆ ಇಷ್ಟು’ ಎಂಬ ಮಾತು. ನಮ್ಮ ಬ್ಯಾಡಗಿ ಮೆಣಸಿನಕಾಯಿ ನೋಡಿ. ಸುಕ್ಕುಸುಕ್ಕಾಗಿ, ರಕ್ತದ ಬಣ್ಣ. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ಆದರೆ ಖಾರ ಕಡಿಮೆ. ಹೊರಗಿನವರು ಬಣ್ಣ ನೋಡಿ ಬೆಚ್ಚಿ ಬೀಳುತ್ತಾರೆ. ನಾಲಿಗೆ ಉರಿಯಬೇಕಾದರೆ ಗುಂಟೂರಿನದೇ ಬೇಕು. ಬಣ್ಣ ಬೇರೆ, ಖಾರ ಬೇರೆ. ಹಾಗೆಯೇ ಕಾರ್ಡಿನ ದೊಡ್ಡ ಅಂಕಿ ಬಣ್ಣ, ಮೂಲೆಯಲ್ಲಿರುವ ಸಣ್ಣ ಗುರುತೇ ಖಾರ.

ಆ ಸಣ್ಣ ಗುರುತು ಓದುವುದು ಹೀಗೆ. ಇಂಗ್ಲಿಷಿನ ಸಿ ಅಕ್ಷರದ ಹೊಟ್ಟೆಯಲ್ಲಿ 10 ಇದ್ದರೆ ಸೆಕೆಂಡಿಗೆ ಕಡಿಮೆಯೆಂದರೆ 10 ಮೆಗಾಬೈಟು. ಯು ಅಕ್ಷರದ ಒಳಗೆ 1 ಇದ್ದರೂ 10, ಅದರಲ್ಲೇ 3 ಇದ್ದರೆ 30. ವಿ ಅಕ್ಷರದ ಮುಂದೆ 30, 60, 90 ಇದ್ದರೆ ಅಷ್ಟಷ್ಟೇ ಮೆಗಾಬೈಟು. ಈ ವಿ ಎಂಬುದು ವಿಡಿಯೋಕ್ಕೆಂದೇ ಮಾಡಿದ ಗುರುತು.

ಮೂರನೆಯದು, ನಾನೂರಕ್ಕೆ ತೊಂಬತ್ತು ಹೇಗೆ ಸಾಕು ಎಂಬ ಒಗಟು. ಕ್ಯಾಮರಾದವರು ಲೆಕ್ಕ ಹೇಳುವುದು ಮೆಗಾಬಿಟ್ಟಿನಲ್ಲಿ, ಕಾರ್ಡಿನವರು ಮೆಗಾಬೈಟಿನಲ್ಲಿ. ಹಿಂದೆ ಹದಿನಾರು ಆಣೆಗೆ ಒಂದು ರೂಪಾಯಿ ಇತ್ತಲ್ಲ, ಹಾಗೆ ಎಂಟು ಬಿಟ್ಟಿಗೆ ಒಂದು ಬೈಟು. ಒಬ್ಬರು ಆಣೆಯಲ್ಲಿ ಹೇಳುತ್ತಾರೆ, ಇನ್ನೊಬ್ಬರು ರೂಪಾಯಿಯಲ್ಲಿ. ಕ್ಯಾಮರಾದ ಅಂಕಿಯನ್ನು ಎಂಟರಿಂದ ಭಾಗಿಸಿದರೆ ಮುಗಿಯಿತು. 100 ಮೆಗಾಬಿಟ್ಟು ಅಂದರೆ ಹನ್ನೆರಡೂವರೆ ಮೆಗಾಬೈಟು. 150 ಅಂದರೆ ಹತ್ತೊಂಬತ್ತರ ಹತ್ತಿರ. 400 ಅಂದರೆ 50.

ನೋಟುಪುಸ್ತಕದಲ್ಲಿ ಇಷ್ಟು ಬರೆಯುತ್ತಲೇ ಮಗನ ಮುಖ ಅರಳಿತು. 100, 150ರಲ್ಲಿ ತೆಗೆಯುವಾಗ ವಿ30 ಕಾರ್ಡು ಸಾಕು. 400ರಲ್ಲಿ ತೆಗೆದರೆ ಬೇಕಾದದ್ದು 50, ವಿ60 ಅದನ್ನು ಆರಾಮಾಗಿ ಹೊರುತ್ತದೆ. ಈ ಕ್ಯಾಮರಾಕ್ಕೆ ವಿ90 ಎಂದರೆ ಇಬ್ಬರ ಸಂಸಾರಕ್ಕೆ ಮದುವೆ ಮನೆಯ ಕೊಪ್ಪರಿಗೆ ಇಟ್ಟ ಹಾಗೆ. ಸೆಕೆಂಡಿಗೆ 500, 600 ಮೆಗಾಬಿಟ್ಟು ಬರೆಯುವ ದೊಡ್ಡ ಕ್ಯಾಮರಾಗಳೂ ಇವೆ. ಅಂಥವರಿಗೆ ವಿ90 ಬೇಕು, ಇಲ್ಲವೇ ಸಿಎಫ್‌ಎಕ್ಸ್‌ಪ್ರೆಸ್ ಎಂಬ ಬೇರೆ ಜಾತಿಯ ಕಾರ್ಡೇ ಬೇಕು. ಅದು ಎಲ್ಲ ಕ್ಯಾಮರಾದ ಬಾಯಿಗೂ ಹಿಡಿಸುವುದಿಲ್ಲ. ಕೊಳ್ಳುವ ಮುಂಚೆ ಕ್ಯಾಮರಾದ ಪುಸ್ತಕ ತೆರೆದು, ಯಾವ ಕಾರ್ಡು ಹಿಡಿಸುತ್ತದೆ, ಯಾವ ವೇಗದಲ್ಲಿ ಬರೆಯುತ್ತದೆ ಎಂದು ನೋಡುವುದು ಒಳ್ಳೆಯದು.

ತುಂಬುವ ಲೆಕ್ಕವನ್ನೂ ಹಾಕಿದೆವು. 128 ಜಿಬಿ ಕಾರ್ಡಿನಲ್ಲಿ 150ರ ವೇಗಕ್ಕೆ ಸುಮಾರು ಒಂದೂ ಮುಕ್ಕಾಲು ಗಂಟೆ ಹಿಡಿಯುತ್ತದೆ. 400ಕ್ಕೆ ಸುಮಾರು ನಲವತ್ತೇ ನಿಮಿಷ. ನಮ್ಮ ಕಡೆಯ ಮದುವೆ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆಯೇ? ಬೀಗರು ಮುನಿಸಿಕೊಂಡು ತಿಳಿಗೊಳ್ಳುವುದಕ್ಕೇ ಅಷ್ಟು ಬೇಕು! ಹಾಗಾಗಿ ಉದ್ದದ ಶಾಸ್ತ್ರಕ್ಕೆ 150, ಬಣ್ಣ ತಿದ್ದಿ ಚೆಂದ ಮಾಡಬೇಕಾದ ತುಣುಕುಗಳಿಗೆ ಮಾತ್ರ 400 ಎಂದು ಮಗನೇ ತೀರ್ಮಾನ ಮಾಡಿದ.

ನಮ್ಮ ಮನೆಯವರು ಅಲ್ಲಿಯವರೆಗೆ ಸುಮ್ಮನಿದ್ದವರು ಆಗ ಒಂದು ಮಾತು ಹೇಳಿದರು: ‘ಕಾರ್ಡಿಗೆ ಎರಡು ಕಿಂಡಿ ಅದಾವಲ್ಲೋ ಆ ಕ್ಯಾಮರಾಕ್ಕ. ಎರಡರಾಗೂ ಕೂಡೇ ಬರದ್ರ, ಒಂದು ಹೋದ್ರೂ ಇನ್ನೊಂದು ಉಳೀತೈತಿ.’ ಸರಿ, ವಿ90 ಒಂದಕ್ಕೆ ಕೊಡುವ ದುಡ್ಡಿನಲ್ಲಿ ವಿ60 ಎರಡು ಎಂದು ನಿಶ್ಚಯವಾಯಿತು. ಎಷ್ಟೇ ಒಳ್ಳೆಯ ಕಾರ್ಡಾದರೂ ಅದೂ ಒಂದು ವಸ್ತುವೇ ತಾನೆ? ವೇಗಕ್ಕೆ ಸುರಿಯುವ ದುಡ್ಡಿಗಿಂತ ಜೋಡಿಗೆ ಕೊಡುವ ದುಡ್ಡು ಮೇಲು. ನನ್ನ ಗಂಟು ಬಿಚ್ಚಲು ಆಮೇಲೆ ನನಗೂ ಸಂಕಟವಾಗಲಿಲ್ಲ.

ಕೊಳ್ಳಲು ಹಾವೇರಿಗೆ ಹೋದೆವು. ಹೋದಲ್ಲೆಲ್ಲ ಮೊದಲು ತೋರಿಸಿದ್ದು ದೊಡ್ಡ ಅಂಕಿಯನ್ನೇ. ಒಂದು ಕಡೆ ಡಬ್ಬಿಯಿಲ್ಲದ ಬಿಡಿ ಕಾರ್ಡು, ಅರ್ಧ ಬೆಲೆ. ಮಗನ ಕೈ ಅತ್ತ ಹೋಯಿತು, ನಾನು ಹಿಂದಕ್ಕೆ ಎಳೆದೆ. ಬಿಲ್ಲು ಕೊಡುತ್ತೀರಾ ಎಂದರೆ ಆ ಕಾರ್ಡಿಗೆ ಬಿಲ್ಲಿಲ್ಲವಂತೆ. ಸೋದರಿಯರೇ, ಕಾರ್ಡಿನಲ್ಲೂ ನಕಲಿ ಬರುತ್ತದೆ. ಮೇಲೆ 128 ಎಂದು ಅಚ್ಚು, ಒಳಗೆ ಜಾಗ ಅದರ ಕಾಲುಭಾಗವೂ ಇರುವುದಿಲ್ಲ. ಕಂಪ್ಯೂಟರಿಗೆ ಹಾಕಿದರೂ 128 ಎಂದೇ ಸುಳ್ಳು ಹೇಳುವಂತೆ ಮಾಡಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದೆಲ್ಲ ನೀರಿನಲ್ಲಿ ಹಾಕಿದ ರಂಗೋಲಿ. ಪರೀಕ್ಷೆ ಒಂದೇ: ಹೊಸ ಕಾರ್ಡನ್ನು ಕೆಲಸಕ್ಕೆ ಒಯ್ಯುವ ಮುಂಚೆ ಪೂರ್ತಿ ತುಂಬಿಸಿ, ಎಲ್ಲವನ್ನೂ ತಿರುಗಿ ಓದಿಸಿ ನೋಡುವುದು. ಇದಕ್ಕೆಂದೇ ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಬಿಟ್ಟಿ ಪ್ರೋಗ್ರಾಮು ಇದೆ. ಬಿಲ್ಲಿನ ಅಂಗಡಿಯಲ್ಲಿ ಕೊಂಡ ನಮ್ಮ ಎರಡು ಕಾರ್ಡುಗಳನ್ನೂ ಮಗ ಹಾಗೇ ತುಂಬಿಸಿ ನೋಡಿದ, ಪಾಸಾದವು.

ಇನ್ನೊಂದು ಗುರುತು ರೋಮನ್ ಅಂಕಿಯದು, ಒಂದು ಗೀಟು ಅಥವಾ ಎರಡು ಗೀಟು. ಎರಡು ಗೀಟಿನ ಕಾರ್ಡಿನ ಬೆನ್ನಿಗೆ ಬಂಗಾರದ ಬಣ್ಣದ ಪಟ್ಟಿ ಎರಡು ಸಾಲು ಇರುತ್ತವೆ. ವಿ60 ಕಾರ್ಡು ಈ ಜಾತಿಯದು. ಇದನ್ನು ಹಳೆಯ ರೀಡರಿಗೆ ಹಾಕಿದರೆ ಕೆಲಸವೇನೋ ನಡೆಯುತ್ತದೆ, ಆದರೆ ಒಂದು ಗೀಟಿನ ವೇಗದಲ್ಲಿ. ತುಂಬಿದ 128 ಜಿಬಿಯನ್ನು ಸೆಕೆಂಡಿಗೆ 90ರಂತೆ ಇಳಿಸಿಕೊಂಡರೆ ಇಪ್ಪತ್ತನಾಲ್ಕು ನಿಮಿಷ ಬೇಕು, 250ರಂತೆ ಇಳಿಸಿದರೆ ಒಂಬತ್ತರ ಒಳಗೆ. ಊಟದ ಪಂಕ್ತಿ ಏಳುವುದರೊಳಗೆ ಕಾರ್ಡು ಖಾಲಿಯಾಗಬೇಕಾದ ಕಡೆ ರೀಡರನ್ನೂ ಎರಡು ಗೀಟಿನದೇ ಕೊಳ್ಳಬೇಕು.

ಕೊಂಡ ಮೇಲಿನ ಜೋಪಾನ ಹೆಂಗಸರ ಕೆಲಸ ಎಂದು ನಾನೇ ವಹಿಸಿಕೊಂಡೆ. ಮಸಾಲೆ ಡಬ್ಬಿಯಂಥ ಎರಡು ಡಬ್ಬಿ. ಹಸಿರು ಮುಚ್ಚಳದ್ದರಲ್ಲಿ ಖಾಲಿ ಕಾರ್ಡು, ಕೆಂಪು ಮುಚ್ಚಳದ್ದರಲ್ಲಿ ತುಂಬಿದ್ದು. ತುಂಬಿದ ಕಾರ್ಡಿನ ಪಕ್ಕದ ಪುಟ್ಟ ಕೀಲಿಯನ್ನು ಕೆಳಕ್ಕೆ ಸರಿಸಿದರೆ ಅದರ ಮೇಲೆ ಮತ್ತೆ ಬರೆಯಲಾಗುವುದಿಲ್ಲ. ಪ್ರತಿ ಕಾರ್ಡಿಗೂ ನಂಬರು. ಎರಡು ಹಾರ್ಡ್ ಡಿಸ್ಕಿಗೆ ಇಳಿದು, ತೆರೆದು ನೋಡಿ ಆಗುವವರೆಗೆ ಕೆಂಪು ಡಬ್ಬಿ ಬಿಟ್ಟು ಹೊರಗೆ ಬರಬಾರದು. ಆಮೇಲೆ ಅಳಿಸುವುದು ಕ್ಯಾಮರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಿ ಒಂದೊಂದಾಗಿ ಅಲ್ಲ. ಬ್ಯಾಡಗಿ ಪೇಟೆಯಲ್ಲಿ ಸುಗ್ಗಿಯ ಕಾಲಕ್ಕೆ ಗಾಳಿಯಲ್ಲೇ ಮೆಣಸಿನ ಧೂಳು. ಅಲ್ಲಿ ಕೈ ಒರೆಸಿಕೊಳ್ಳದೆ ಕಾರ್ಡಿನ ಬಂಗಾರದ ಪಟ್ಟಿ ಮುಟ್ಟಕೂಡದು ಎಂಬುದು ನಮ್ಮ ಮನೆಯ ಕಾನೂನು.

ಈಗ ನಿಮ್ಮ ಪಾಲಿನ ಕೆಲಸ ಹೇಳುತ್ತೇನೆ. ನಿಮ್ಮ ಮನೆಗೆ ವಿಡಿಯೋದವರು ವೀಳ್ಯ ಹಿಡಿಯಲು ಬಂದಾಗ ಚಹಾ ಕೊಟ್ಟು, ಮೆಲ್ಲಗೆ ನಾಲ್ಕು ಮಾತು ಕೇಳಿ. ‘ನಿಮ್ಮ ಕಾರ್ಡಿನ ಮೇಲೆ ವಿ ಎಷ್ಟೈತಿ? ಕ್ಯಾಮರಾ ಎರಡು ಕಾರ್ಡಿಗೆ ಕೂಡೇ ಬರೀತೈತೇನು? ಕಾರ್ಡ ಪೂರ್ತಿ ತುಂಬಿಸಿ ನೋಡೀರೇನು? ಅಳಿಸೂಕ ಮೊದಲ ಎಷ್ಟು ಕಡೆ ಇಳಿಸ್ಕೋತೀರಿ?’ ಉತ್ತರ ತಿಳಿದವನು ನಗುತ್ತ ಹೇಳುತ್ತಾನೆ. ತಿಳಿಯದವನು ಮನೆಗೆ ಹೋಗಿ ತಿಳಿದುಕೊಳ್ಳುತ್ತಾನೆ. ಎರಡೂ ಲಾಭವೇ.

ಅವನು ಕೇಳಿದ್ದಕ್ಕಿಂತ ಸಾವಿರ ರೂಪಾಯಿ ಇಳಿಸಲು ಗಂಟೆಗಟ್ಟಲೆ ಚೌಕಾಸಿ ಮಾಡುವ ಬದಲು, ಆ ಸಾವಿರವನ್ನು ಎರಡನೇ ಕಾರ್ಡಿಗೆ ಹಾಕಪ್ಪಾ ಎಂದು ಹೇಳಿ ನೋಡಿ. ಹುಗ್ಗಿಗೆ ಬೆಲ್ಲ ಕಡಿಮೆ ಬಿದ್ದರೆ ಮೇಲಿಂದ ಕಲಸಬಹುದು. ಅಕ್ಕಿಕಾಳು ಮಾತ್ರ ಬೀಳುವುದು ಒಂದೇ ಸಲ.